ಎತ್ತಿಟ್ಟ ನೋವಿನ ಮಾತ್ರೆ

ಸೇಲಂನ ನೇಕಾರರ ಬೀದಿಯ ಪೊನ್ನಮ್ಮನಿಗೆ ಇದ್ದದ್ದು ಒಂದೇ ಆಸೆ. ಎದ್ದು ಕೂತು ನೆಮ್ಮದಿಯಾಗಿ ನಾಲ್ಕು ತುತ್ತು ಉಣ್ಣಬೇಕು. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ, ಕೂರುವುದಿರಲಿ, ಮಗ್ಗುಲಾದರೂ ಪ್ರಾಣ ಹೋದ ಹಾಗಾಗುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಮಾರ್ಫಿನ್ ಮಾತ್ರೆ ಯಾಕೋ ನಾಟುತ್ತಲೇ ಇರಲಿಲ್ಲ, ಪಾಪ.

ಪಾಲಕೋಡ್‌ನಲ್ಲಿರುವ ವಾರಗಿತ್ತಿ ಮಂಗಮ್ಮನಿಗೆ ಗಂಟಲಿನ ಕ್ಯಾನ್ಸರ್. ಅವಳಿಗೆ ಡಾಕ್ಟರು ಕೊಟ್ಟಿದ್ದು ನೋವಿಳಿಸಲು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ. ಪೊನ್ನಮ್ಮನ ಗೋಳು ಕೇಳಲಾರದೆ ಅದರಲ್ಲೊಂದನ್ನು ಕಳಿಸಿಬಿಟ್ಟಳು.

ಪೊನ್ನಮ್ಮನ ಗಂಡ ಕುಪ್ಪುಸ್ವಾಮಿ ಮಗ್ಗದ ಕತ್ತರಿ ತಂದ.

"ಪೂರ್ತಿ ಅಂಟಿಸಿದ್ರೆ ಪವರ್ ಜಾಸ್ತಿ ಆಗೋಯ್ತದೆ. ಅರ್ಧ ಕತ್ತರಿಸ್ತೀನಿ. ಮ್ಯಾಲೆ ಬಿಸಿ ಉಪ್ಪಿನ ಗಂಟಿಂದ ಶಾಖ ಕೊಟ್ರೆ ಬೇಗ ಕೇಳ್ತದೆ."

ಜೀವಮಾನವೆಲ್ಲ ಬಟ್ಟೆ ಅಳೆದು ಕತ್ತರಿಸಿದ ಕೈ, ಅನುಮಾನವೇ ಬರಲಿಲ್ಲ! ಅಷ್ಟರಲ್ಲಿ ಮನೆಮನೆಗೆ ಬರುವ ನರ್ಸ್ ಜಯಪ್ರಿಯಾ ಬಾಗಿಲಲ್ಲೇ ಕೂಗಿಕೊಂಡಳು.

"ಅಯ್ಯೋ ಅಣ್ಣಾ, ಕತ್ತರಿ ಕೆಳಗಿಡಿ! ಅದೇನು ಸೀರೆಯಾ? ಕತ್ತರಿಸಿದ್ರೆ, ಬಿಸಿ ತಾಗಿದ್ರೆ, ಮದ್ದು ಜಾಸ್ತಿ ಒಳಕ್ಕೋಗಿ ಉಸಿರೇ ನಿಂತೋಗ್ಬೋದು. ಮಾತ್ರೆ ಬೇರೆ ತಗೋತಾವ್ರೆ!"

ಕುಪ್ಪುಸ್ವಾಮಿ ಕತ್ತರಿ ದೂರ ಸರಿಸಿದ. ಪೊನ್ನಮ್ಮನಿಗೆ ಮಾತ್ರ ಕುತೂಹಲ.

"ಅಂಗಾದ್ರೆ ಮಾತ್ರೆ, ಪಟ್ಟಿ ಎರಡ್ರಲ್ಲಿ ಯಾವ್ದಮ್ಮಾ ಒಸಿ ಮೇಲು?"

"ಸರಿಯಾದ ಅಳತೆಗೆ ಕೊಟ್ರೆ ಎರಡೂ ಹೆಚ್ಚುಕಮ್ಮಿ ಒಂದೇ ತರ ನೋವು ಇಳಿಸ್ತವೆ ಅಕ್ಕಾ. ಮಂಗಮ್ಮಂಗೆ ನುಂಗಕ್ಕಾಗಲ್ಲ, ಅದಕ್ಕೇ ಪಟ್ಟಿ. ಅದು ನಾಟಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಬೇಕು. ನೋವು ಏರಿಳಿತ ಇರೋವಾಗ ಮಾತ್ರೇನೇ ಸುಲಭ, ಅಳತೆ ಬೇಗ ಬದಲಾಯಿಸ್ಬೋದು. ಕಿಡ್ನಿ ಸರಿಯಿಲ್ದಿದ್ರೆ ಡಾಕ್ಟರು ಬೇರೆ ಮದ್ದಿನ ಯೋಚನೆ ಮಾಡ್ತಾರೆ. ಮಲಬದ್ಧತೆ, ತೂಕಡಿಕೆ ಎರಡ್ರಲ್ಲೂ ಐತೆ. ಮಲ ಸಡಿಲ ಆಗಕ್ಕೆ ಮದ್ದು ಕೊಡ್ತಾರೆ. ಅದಿರ್ಲಿ, ಮಾತ್ರೆ ಎಂಗೆ ತಗೋತಿದೀರಿ?"

ಪೊನ್ನಮ್ಮ ಗಂಡನ ಮುಖ ನೋಡಿದಳು.

"ತಡಿಯಕ್ಕಾಗದೆ ಕಿರುಚಿದಾಗ ಒಂದು ಕೊಡ್ತೀನಿ," ಎಂದ ಅವನು. "ಈಗ್ಲೇ ತಿಂದ್ರೆ ಅಭ್ಯಾಸ ಆಗೋಗಿ, ಕಡೇಗಾಲಕ್ಕೆ ಯಾವ್ದೂ ಕೇಳಲ್ಲ ಅಂತ ಎತ್ತಿಟ್ಟಿದೀನಿ."

"ಅಲ್ಲೇ ತಪ್ಪಾಗಿರೋದು ಅಣ್ಣಾ! ನಾಲ್ಕು ಗಂಟೆಗೊಂದ್ಸಲ ಅಂತ ಬರ್ದವ್ರೆ. ನೋವು ಏರೋ ಮುಂಚೇನೇ ಕೊಡ್ಬೇಕು. ಡಾಕ್ಟರು ಹೇಳಿದಂಗೆ ತಗೊಂಡ್ರೆ ಚಟ ಆಗೋದು ಅಪರೂಪ. ಮುಂದೆ ನೋವು ಜಾಸ್ತಿಯಾದ್ರೆ ಅಳತೆ ಏರಿಸ್ಬೋದು."

"ಅಂದ್ರೆ, ಮದ್ದು ಮನೇಲಿಟ್ಕೊಂಡೇ ನರಳಿದ್ನಾ ನಾನು?" ಎಂದಳು ಪೊನ್ನಮ್ಮ.

"ನಿಂಗೋಸ್ಕರಾನೇ ಎತ್ತಿಟ್ಟೆ ಕಣೇ," ಎಂದು ಕುಪ್ಪುಸ್ವಾಮಿ ಗಳಗಳನೆ ಅತ್ತುಬಿಟ್ಟ.

ಜಯಪ್ರಿಯಾ ಡಾಕ್ಟರಿಗೆ ಫೋನ್ ಮಾಡಿ ಅಳತೆ ಕೇಳಿದಳು. ಅಂದಿನಿಂದ ಹೊತ್ತಿಗೆ ಸರಿಯಾಗಿ ಮಾತ್ರೆ. ವಾರದೊಳಗೆ ಪೊನ್ನಮ್ಮ ಎದ್ದು ಕೂತು ಉಂಡಳು. ಸಾರು ಹುಳಿಯಾಗಿದೆ ಎಂದು ಗಂಡನನ್ನು ಬೈದಳು ಕೂಡ! ಆ ಬೈಗುಳಕ್ಕೆ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಕ್ಯಾನ್ಸರ್ ನೋವು ತಿನ್ನುವವರಿದ್ದಾರೆಯೇ? ಯಾವ ಮದ್ದು ಸರಿ, ಯಾಕೆ ಸರಿ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ. ಒಬ್ಬರ ಮದ್ದು ಇನ್ನೊಬ್ಬರಿಗೆ ಬೇಡ, ಮಕ್ಕಳ ಕೈಗೂ ಸಿಗಬಾರದು. ಮದ್ದು ತೆಗೆದುಕೊಂಡವರಿಗೆ ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಉಸಿರು ನಿಧಾನವಾದರೆ, ಕೂಡಲೇ 108ಕ್ಕೆ ಫೋನ್ ಮಾಡಿ. ಕೊಟ್ಟ ಮದ್ದನ್ನು ನಾಳೆಗೆಂದು ಎತ್ತಿಡಬೇಡಿ. ನೋವು ಇವತ್ತು ಇದೆ.