ವಸ್ತಿ ಬಸ್ಸಿನ ಕೌದಿ

ನಾನು ಒಂದು ಕೌದಿ. ಬೆಡ್‌ಶೀಟು, ರಗ್ಗು ಎಂದೆಲ್ಲ ಕರೆದರೆ ನನಗೆ ಸಿಟ್ಟು ಬರುತ್ತದೆ. ಗದಗಿನ ಕಡೆಯ ಫಕೀರವ್ವ ಹಳೆಯ ಇಳಕಲ್ ಸೀರೆ, ಹರಿದ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ದಾರ ಎಳೆದು ನನ್ನನ್ನು ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಹೋಳಿಗೆಯ ತುಣುಕೊಂದನ್ನು ಇಟ್ಟಳು. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು ಎನ್ನುವುದು ಅವಳ ಮನೆಯ ಪದ್ಧತಿ. ಹೀಗೆ ಹೊಟ್ಟೆ ತುಂಬಿಸಿಕೊಂಡೇ ನಾನು ಅವಳ ಮಗಳು ದ್ಯಾಮವ್ವನ ಜೊತೆ ಗಂಡನ ಮನೆಗೆ ಹೋದೆ.

ಗಂಡ ಈರಪ್ಪ ಬಸ್ ಡ್ರೈವರ್. ಅವನದು ವಸ್ತಿ ಬಸ್ಸು. ಸಂಜೆ ಕೊನೆಯ ಹಳ್ಳಿ ಮುಟ್ಟಿ, ರಾತ್ರಿ ಅಲ್ಲೇ ತಂಗಿ, ನಸುಕಿನಲ್ಲಿ ಹೊರಡುತ್ತಿತ್ತು. ರಾತ್ರಿ ಅವನು ನನ್ನನ್ನು ಹೆಗಲಿಗೇರಿಸಿಕೊಂಡು ಏಣಿ ಹತ್ತಿ ಬಸ್ಸಿನ ಮೇಲೆ ಹಾಸುತ್ತಿದ್ದ. ಅಬ್ಬಾ, ಎಂಥ ಆಕಾಶ ಅದು! ಮನೆಗೆ ಬಂದರೆ ಹೆಂಡತಿಯ ಮುಂದೆ ಅದೇ ಜಂಬ.

"ಒಂದಿನ ನಿನ್ನೂ ಮ್ಯಾಲ ಹತ್ತಸ್ತೀನಿ ತಡಿ. ಅಲ್ಲಿ ಮಲ್ಕೊಂಡ್ರ ಎಂಥಾ ಚಿಂತೀನೂ ಮರ್ತು ಹೋಗ್ತೈತಿ."

ಆ ಒಂದು ದಿನ ಬರಲೇ ಇಲ್ಲ. ನಿವೃತ್ತನಾದ ವರ್ಷವೇ ಈರಪ್ಪ ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ತೀರಿಕೊಂಡ. ಮುಚ್ಚಿದ ಬಾಗಿಲ ಹೊರಗೆ ದ್ಯಾಮವ್ವ ಕುಳಿತೇ ಇದ್ದಳು.

ಸತ್ತವರ ಹಾಸಿಗೆ ಮನೆಯಲ್ಲಿ ಇರಬಾರದಂತೆ. ಮೈದುನ ನನ್ನನ್ನು ಸುತ್ತಿ ಸುಡಲು ಎತ್ತಿಕೊಂಡ. ದ್ಯಾಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಇದರ ಹೊಟ್ಟ್ಯಾಗ ನಮ್ಮವ್ವ ಹೋಳಿಗಿ ಇಟ್ಟಾಳ. ಇಡು ಕೆಳಗ!"

ಇಟ್ಟ, ಪಾಪ. ಹಾಗೆ ನಾನು ಉಳಿದೆ. ಆದರೆ ಅವಳ ನಿದ್ದೆ ಹೋಯಿತು. ಬಾಗಿಲು ಮುಚ್ಚಿದರೆ ಸಾಕು, ಎದೆ ಬಿಗಿಯುತ್ತಿತ್ತು. ಗುಳಿಗೆ ನುಂಗಿದರೂ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಹುಬ್ಬಳ್ಳಿಯ ಅವಳ ಬಾಡಿಗೆ ಮನೆಗೆ ಅಂಗಳವಿಲ್ಲ, ಮಾಳಿಗೆಗೆ ಮಾಲೀಕರ ಬೀಗ. ಒಂದೇ ಒಂದು ರಾತ್ರಿ ನಿದ್ದೆ ಬಂದರೆ ಸಾಕು ಎಂದು ನನ್ನನ್ನು ಅಪ್ಪಿಕೊಂಡು ಅಳುತ್ತಿದ್ದಳು.

ಪಕ್ಕದ ಮನೆಯ ಇಂಚರ ಗೆಳೆಯರೊಡನೆ ಗುಡ್ಡ ಏರಲು ಹೊರಟಿದ್ದಳು. ರಾತ್ರಿ ಮೇಲೆಯೇ ಇದ್ದು, ಬೆಳಿಗ್ಗೆ ಸೂರ್ಯೋದಯ ನೋಡುವುದಂತೆ. "ನಾನೂ ಬರ್ತೀನಿ" ಎಂದಳು ದ್ಯಾಮವ್ವ. ಮೈದುನ ಬಿದ್ದು ಬಿದ್ದು ನಕ್ಕ. ಅವನು ನಕ್ಕಿದ್ದಕ್ಕೇ ಅವಳ ಹಟ ಗಟ್ಟಿಯಾಯಿತು.

ತಂಡದ ಮುಂದಾಳು ಚಿರಂತ ಅವಳ ಚೀಲದ ಮೇಲೆ ಕಟ್ಟಿದ್ದ ನನ್ನನ್ನು ನೋಡಿ ಮುಖ ಕಿವುಚಿದ.

"ಆಂಟಿ, ಇಷ್ಟ್ ವಜ್ಜಿ ಹೊತ್ಕೊಂಡು ಏರಾಕ ಆಗಂಗಿಲ್ರೀ. ನಾವು ಸ್ಲೀಪಿಂಗ್ ಬ್ಯಾಗ್ ಕೊಡ್ತೀವಿ. ಇದನ್ನ ವ್ಯಾನಿನ್ಯಾಗ ಬಿಡ್ರಿ."

"ನಿನ್ನ ಬೆನ್ನ ಮ್ಯಾಲೇನ್ ಹೊರಿಸಿಲ್ಲಲ್ಲಪಾ? ನಡಿ ಮುಂದ."

ಏದುಸಿರು ಬಿಡುತ್ತ ಏರಿದಳು. ಅವಳ ಬೆವರಿಗೆ ನಾನು ಒದ್ದೆಯಾದೆ. ಚಿರಂತ ಹಿಂದಿರುಗಿ ನೋಡಿದಾಗಲೆಲ್ಲ ಸೆಟೆದು ನಿಲ್ಲುತ್ತಿದ್ದಳು.

ರಾತ್ರಿ ಅವಳನ್ನೂ ಇಂಚರಳನ್ನೂ ಒಂದು ಟೆಂಟಿನೊಳಗೆ ಹಾಕಿ ಜಿಪ್ ಎಳೆದರು. ಮತ್ತೆ ಅದೇ ಮುಚ್ಚಿದ ಬಾಗಿಲು. ಸ್ವಲ್ಪ ಹೊತ್ತಿನಲ್ಲೇ ದ್ಯಾಮವ್ವ ಎದ್ದು ಕೂತಳು, ಉಸಿರಿಗೆ ಒದ್ದಾಡಿದಳು. ಜಿಪ್ ಎಳೆದು, ನನ್ನನ್ನು ಬಾಚಿಕೊಂಡು ಹೊರಗೆ ಬಂದಳು.

ಚಿರಂತ ಟಾರ್ಚ್ ಹಿಡಿದು ಓಡಿಬಂದ. "ಥಂಡಿ ಐತ್ರಿ ಆಂಟಿ! ಆರಾಮ ತಪ್ಪಿದ್ರ ಯಾರು ಹೊಣಿ?"

"ನಾನೇ. ನನ್ನ ಗಂಡ ಜೀವಮಾನ ಎಲ್ಲಾ ಬಸ್ಸಿನ ಮ್ಯಾಲ ಮಲಗ್ಯಾನ. ನಿನ್ನ ಟೆಂಟು ನಿನಗಿರಲಿ."

ಚಪ್ಪಟೆ ಬಂಡೆಯ ಮೇಲೆ ನನ್ನನ್ನು ಹಾಸಿದಳು. ಅರ್ಧ ಕೆಳಗೆ, ಅರ್ಧ ಮೈಮೇಲೆ. ಮೇಲೆ ನೋಡಿದಳು. ಅದೇ ಆಕಾಶ, ನನಗೆ ಗುರುತು ಸಿಕ್ಕಿತು. ಅವಳು ಮಾತ್ರ ಮೊದಲ ಸಲ ನೋಡುತ್ತಿದ್ದಳು.

"ನೀವೇನ್ ಹತ್ತಸ್ತೀರಿ?" ಎಂದಳು ಗಂಡನಿಗೆ. "ನಾನೇ ಹತ್ತಿ ಬಂದೇನಿ, ನೋಡ್ರಿ."

ಒಂದಿಷ್ಟು ಅತ್ತಳು. ಆಮೇಲೆ ಅವಳ ಕೈ ಸಡಿಲವಾಯಿತು, ಉಸಿರು ನಿಧಾನವಾಯಿತು. ನಾನು ಅಲುಗಾಡದೆ ಇದ್ದೆ.

ಬೆಳಿಗ್ಗೆ ಒಂದೇ ಗದ್ದಲ. ಎಲ್ಲರ ಕೈಯಲ್ಲೂ ಮೊಬೈಲು. ಚಿರಂತ ಬಂದು ಕೂಗಿದ. "ಏಳ್ರಿ ಆಂಟಿ! ಸೂರ್ಯ ಹುಟ್ಟಾಕತ್ತಾನ!"

"ಹುಟ್ಟಲಿ ಬಿಡಪಾ," ಎಂದು ನನ್ನನ್ನು ಮುಖದ ಮೇಲೆ ಎಳೆದುಕೊಂಡು ಮಗ್ಗುಲು ಬದಲಿಸಿದಳು.

ಆ ಬಂಡೆಗೆ ಉಜ್ಜಿ ನನ್ನ ಮೂಲೆ ಹರಿಯಿತು. ಫಕೀರವ್ವನ ಹೋಳಿಗೆ ಎಂದೋ ಪುಡಿಯಾಗಿತ್ತು. ಅಲ್ಲಿಗೆ ನನ್ನ ಕಥೆ ಮುಗಿಯಿತು, ಇನ್ನು ಟ್ರಂಕೇ ಗತಿ ಎಂದುಕೊಂಡೆ. ಎಲ್ಲಿಯ ಟ್ರಂಕು! ದ್ಯಾಮವ್ವ ಹೊಸ ಹೋಳಿಗೆ ಬೇಯಿಸಿ, ತುಣುಕೊಂದನ್ನು ಒಳಗಿಟ್ಟು, ಈರಪ್ಪನ ಖಾಕಿ ಅಂಗಿಯ ತೇಪೆ ಹಾಕಿದಳು.

ನಿನ್ನೆ ಮೈದುನ ಬಂದವನು, "ಈ ಚಿಂದಿ ಇನ್ನೂ ಐತೇನು?" ಎಂದ. ಚಿಂದಿಯಂತೆ! ನಾನು ಮುದುಕಿ, ಒಪ್ಪುತ್ತೇನೆ. ಬಣ್ಣ ಹೋಗಿದೆ, ಎಳೆ ಸವೆದಿದೆ. ಆದರೆ ಹೊಟ್ಟೆ ತುಂಬಿದೆ. ಚೀಲದ ಮೇಲೆ ನನ್ನನ್ನು ಬಿಗಿಯಾಗಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಾಳೆ. ನಾಳೆ ಇನ್ನೊಂದು ಗುಡ್ಡ.