ತಿರುಗುವ ಬ್ರಷ್ಷು, ತಿರುಗದ ಬ್ರಷ್ಷು

"ಇದೇನಮ್ಮ ಇದು, ಕತ್ತು ಮುರಿದ ಕೋಳಿ ಇದ್ದ ಹಾಗಿದೆ!"

ಮಾವ ಹೊಸ ಬ್ರಷ್ಷನ್ನು ಉದ್ದ ಕೋಲಿನ ತುದಿಗೆ ಸಿಕ್ಕಿಸಿ ಒಮ್ಮೆ ಅಲ್ಲಾಡಿಸಿದರು. ಬ್ರಷ್ಷಿನ ತಲೆ ಅತ್ತ ವಾಲಿತು, ಇತ್ತ ವಾಲಿತು, ಕೊನೆಗೆ ಸೋತವರ ಹಾಗೆ ಜೋತು ಬಿತ್ತು. ಸೊಸೆ ಗ್ರಂಥಾಲಯದ ಮುಂದೆ ನಿಲ್ಲಿಸಿದ್ದ ವ್ಯಾನಿನ ಹಿಂಬಾಗಿಲ ಹತ್ತಿರ ನೀರಿನ ಪೈಪಿನ ಸುರುಳಿ ಬಿಚ್ಚುತ್ತಿದ್ದಳು.

"ಗಾಜಿಗೆ ತಾಗಿದ ಮೇಲೆ ತಾನೇ ಸರಿಯಾಗಿ ಕೂತ್ಕೊಳ್ಳುತ್ತೆ ಮಾವ. ಅಂಗಡಿಯವನು ತೋರಿಸಿದ್ನಲ್ಲ."

"ಅಂಗಡಿಯವನು ಎಷ್ಟು ಕಿಟಕಿ ತೊಳೆದಿದ್ದಾನಂತೆ? ಬ್ರಷ್ಷು ಅಂದ್ರೆ ಗಟ್ಟಿಯಾಗಿ ನಿಲ್ಲಬೇಕು. ತಿರುಗಿಸೋಕೆ ನಮಗೆ ಮಣಿಕಟ್ಟಿಲ್ವಾ?"

ಅಂಗಡಿಯವನು ಎರಡು ಬ್ರಷ್ಷು ಕೊಟ್ಟು, ಒಂದು ದಿನ ಬಳಸಿ ನೋಡಿ, ಬೇಡವಾದದ್ದನ್ನು ಸಂಜೆಯೊಳಗೆ ಹಿಂದಿರುಗಿಸಿ ಎಂದಿದ್ದ. ಒಂದರ ತಲೆ, ಅವರ ಹಳೆಯ ಬ್ರಷ್ಷಿನ ಹಾಗೆಯೇ, ಬಿಗಿ. ಹಗುರವಾಗಿದ್ದು, ಒತ್ತಿದಷ್ಟೂ ಉಜ್ಜುತ್ತದೆ, ಒಣಗಿದ ಹಕ್ಕಿ ಹಿಕ್ಕೆಯನ್ನೂ ಬಿಡುವುದಿಲ್ಲ. ಇನ್ನೊಂದರ ತಲೆ ಕೀಲಿನ ಮೇಲೆ ತಿರುಗುತ್ತದೆ. ಸ್ವಲ್ಪ ಭಾರ, ಉಜ್ಜುವ ಬಲವೂ ಕಡಿಮೆ, ಆದರೆ ಓರೆಯಾಗಿ ನಿಂತು ತೊಳೆದರೂ ಚೌಕಟ್ಟಿನ ಅಂಚಿಗೆ ನೇರವಾಗಿ ಕೂಡುತ್ತದೆ. ವ್ಯತ್ಯಾಸ ಇಷ್ಟೇ. ಇಷ್ಟಕ್ಕೆ ಇಬ್ಬರೂ ಬೆಳಗ್ಗೆಯಿಂದ ಜಗ್ಗಾಡುತ್ತಿದ್ದರೆ ಅದಕ್ಕೆ ಬೇರೆ ಕಾರಣವಿತ್ತು.

ಕಾರಣ ಮಾವನ ಬಲಗೈ. ಹೋದ ವರ್ಷ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ತೆಗೆದ ದಿನವೇ "ಸರಿಹೋಯ್ತು" ಎಂದು ಸಾರಿಬಿಟ್ಟಿದ್ದರು. ಬೀಗ ತೆಗೆಯಲು ಎಡಗೈ ಯಾಕೆ ಎಂದು ಯಾರಾದರೂ ಕೇಳಿದರೆ, "ಅದಕ್ಕೂ ಸ್ವಲ್ಪ ಕೆಲಸ ಬೇಡ್ವಾ?" ಎಂದು ನಗುತ್ತಿದ್ದರು. ಬಿಗಿ ಬ್ರಷ್ಷು ಮೂಲೆ ಸೇರಬೇಕಾದರೆ ಕೊನೆಯ ಗಳಿಗೆಯಲ್ಲಿ ಕೋಲನ್ನು ಚೂರು ತಿರುಚಬೇಕು. ಅದು ಅವರಿಂದ ಆಗುತ್ತಿರಲಿಲ್ಲ. ಪ್ರತಿ ಕಿಟಕಿಯ ಬಲಗಡೆಯ ಮೇಲ್ಮೂಲೆಯಲ್ಲಿ ಅಂಗೈಯಗಲದ ಕೊಳೆ ಉಳಿಯುತ್ತಿತ್ತು. ಕೆಳಗೆ ನಿಂತವರ ಕಣ್ಣಿಗೆ, ಅದೂ ಅವರ ವಯಸ್ಸಿನ ಕಣ್ಣಿಗೆ, ಅದು ಕಾಣುವುದಿಲ್ಲ. ಮಾವ ಟೀ ಕುಡಿಯಲು ಹೋದಾಗ ಸೊಸೆ ಎರಡನೇ ಕೋಲು ಹಿಡಿದು ಎಲ್ಲ ಮೂಲೆಗಳನ್ನೂ ಮುಗಿಸಿಬಿಡುತ್ತಿದ್ದಳು. ಎಂಟು ತಿಂಗಳಿಂದ ಇದೇ ನಡೆದಿತ್ತು.

ಹೋದ ಸಲ ಈ ಗ್ರಂಥಾಲಯಕ್ಕೆ ಬಂದಾಗ ಮಾವ ಟೀಗೆ ಹೋಗಲಿಲ್ಲ. ಅಂದು ಅವರಿಗೆ ಹೊಟ್ಟೆ ಸರಿಯಿರಲಿಲ್ಲ, ಅಷ್ಟೇ. ಮರುದಿನ ಗ್ರಂಥಪಾಲಕಿ ಸೊಸೆಗೆ ಫೋನು ಮಾಡಿದರು. "ಮುಂದಿನ ಸಲ ನೀವೊಬ್ರೇ ಬನ್ನಿ. ಹಿರಿಯರಿಗೆ ಇನ್ನು ವಿಶ್ರಾಂತಿ ಬೇಕು ಅನ್ಸುತ್ತೆ." ಬೈದಿದ್ದರೆ ವಾಸಿಯಿತ್ತು. ಅವಳು ಕಾಡಿಬೇಡಿ ಇನ್ನೊಂದೇ ಒಂದು ಸಲ ಎಂದು ಒಪ್ಪಿಸಿದ್ದಳು. ಇವತ್ತು ಒಂದು ಮೂಲೆ ಉಳಿದರೂ ಮಾವ ಮನೆಯಲ್ಲಿ ಕೂರಬೇಕು. ಮೂವತ್ತೆರಡು ವರ್ಷ ಕಿಟಕಿ ತೊಳೆದ ಮನುಷ್ಯ ಮನೆಯಲ್ಲಿ ಕೂತು ಏನು ನೋಡುತ್ತಾನೆ? ಕಿಟಕಿಯನ್ನೇ ನೋಡುತ್ತಾನೆ. ಅವಳಿಗೆ ಈ ಕೆಲಸ ಕಲಿಸಿದವರೂ ಅವರೇ. ಅವಳ ಗಂಡನಿಗೆ ಕಲಿಸಲು ಹೋಗಿ ಸೋತಿದ್ದರು. ತಲೆ ಎತ್ತಿ ಮಹಡಿ ನೋಡಿದರೂ ಅವನಿಗೆ ತಲೆ ಸುತ್ತುತ್ತಿತ್ತು.

ಮಾವ ಬಿಗಿ ಬ್ರಷ್ಷನ್ನೇ ಹಿಡಿದು ಎರಡನೇ ಮಹಡಿಯ ನಾಲ್ಕು ಕಿಟಕಿ ಮುಗಿಸಿದರು. ಐದನೆಯದಕ್ಕೆ ಕೋಲು ಎತ್ತಿದಾಗ ನೀರು ನಿಂತಿತು. ಸೊಸೆ ನಲ್ಲಿ ಮುಚ್ಚಿದ್ದಳು.

"ಮಾವ, ಒಂದ್ಸಲ ಮೇಲೆ ಬನ್ನಿ."

"ಯಾಕೆ? ಏನಾಯ್ತು?"

"ಬನ್ನಿ ಅಂದ್ರೆ ಬನ್ನಿ."

ಅವಳು ಯಾವತ್ತೂ ಅವರೊಂದಿಗೆ ಹೀಗೆ ಮಾತಾಡಿದವಳಲ್ಲ. ಮಾವ ಕೋಲನ್ನು ವ್ಯಾನಿಗೆ ಒರಗಿಸಿ ಹಿಂದೆ ನಡೆದರು.

ಕಿಟಕಿ ತೊಳೆಯುವವರು ತಾವು ತೊಳೆದ ಕಿಟಕಿಯನ್ನು ಒಳಗಿನಿಂದ ನೋಡುವುದು ಅಪರೂಪ. ಓದುವ ಕೋಣೆಯಲ್ಲಿ ಬೆಳಕು ಧಾರಾಳವಾಗಿ ಬಿದ್ದಿತ್ತು. ಹೊರಗಿನ ಬಲಮೂಲೆ ಒಳಗಿನಿಂದ ಎಡಮೂಲೆ. ನಾಲ್ಕು ಕಿಟಕಿ, ನಾಲ್ಕು ಎಡಮೂಲೆ, ನಾಲ್ಕರಲ್ಲೂ ಒಂದೇ ಅಳತೆಯ ಕೊಳೆ. ಮಾವ ಕೈ ಎತ್ತಿ ಮೊದಲನೆಯದನ್ನು ತೋಳಿನಿಂದ ಉಜ್ಜಿದರು.

"ಹೊರಗಡೆ ಇದೆ ಮಾವ."

"ಗೊತ್ತು."

ಆದರೂ ಇನ್ನೊಮ್ಮೆ ಉಜ್ಜಿದರು. ನಂತರ ತಿರುಗದೆಯೇ ಕೇಳಿದರು:

"ಬಟ್ಟೆ ಅಂಗಡೀಲೂ ಹೀಗೇನಾ?"

"ಹೂಂ."

"ಆಸ್ಪತ್ರೇಲಿ?"

"ಹೂಂ."

"ಮತ್ತೆ ಅವರ್ಯಾರೂ ಏನೂ ಅನ್ಲಿಲ್ಲ." ಈಗ ಅವಳತ್ತ ತಿರುಗಿದರು. "ಹಿಂದಿನಿಂದ ನೀನು ತೊಳೀತಿದ್ದೆ."

"ನೀವು ಟೀಗೆ ಹೋದಾಗ."

"ಅದಕ್ಕೇ ನಾನು ಬರೋಷ್ಟರಲ್ಲಿ ನಿನ್ನ ತೋಳೆಲ್ಲ ಒದ್ದೆ. ನಾನು ಪೈಪು ಸೋರ್ತಿದೆ ಅಂದ್ಕೊಂಡು ಎರಡು ಸಲ ಪೈಪು ಬದಲಾಯಿಸಿದೆ! ಚೆನ್ನಾಗಿರೋ ಪೈಪು!"

ಸೊಸೆಗೆ ನಗು ಬಂತು, ನಗುವ ಧೈರ್ಯ ಬರಲಿಲ್ಲ. ಮಾವನ ಮುಖ ಕೆಂಪಾಗಿತ್ತು.

"ಹೇಳಬಾರದಿತ್ತಾ? ಎಂಟು ತಿಂಗಳು ನನ್ನನ್ನ ಮಗು ಥರ ಆಡಿಸಿದ್ಯಲ್ಲ."

"ಹೇಳಿದ್ರೆ ನೀವು ಬರೋದೇ ನಿಲ್ಲಿಸ್ತಿದ್ರಿ. ನನಗೆ ಒಬ್ಬಳೇ ಬರೋಕೆ ಇಷ್ಟ ಇರ್ಲಿಲ್ಲ."

ಮಾವ ಮೆಟ್ಟಿಲಿಳಿದು ಹೋದರು. ಇನ್ನು ವ್ಯಾನಿನಲ್ಲಿ ಹೋಗಿ ಕೂರುತ್ತಾರೆ, ಸಂಜೆಯವರೆಗೂ ಮಾತಾಡುವುದಿಲ್ಲ, ನಾಳೆ ಕೆಲಸಕ್ಕೆ ಏಳುವುದೂ ಇಲ್ಲ ಎಂದುಕೊಂಡು ಅವಳು ಕಿಟಕಿಯ ಹತ್ತಿರವೇ ನಿಂತಳು. ತಪ್ಪು ಮಾಡಿದೆನೆನಿಸಿತು.

ಗ್ರಂಥಪಾಲಕಿ ಪುಸ್ತಕಗಳ ಗಾಡಿ ತಳ್ಳಿಕೊಂಡು ಬಂದು ಕಿಟಕಿಯತ್ತ ಕತ್ತೆತ್ತಿದರು. "ಮುಗೀತಾ?"

"ಇಲ್ಲ ಮೇಡಂ. ನಾವಿನ್ನೂ ತೊಳೀತಾ ಇದ್ದೀವಿ."

ಕೆಳಗೆ ಮಾವ ಕೋಲನ್ನು ಮೊಣಕಾಲುಗಳ ನಡುವೆ ಅವುಚಿ ಹಿಡಿದು, ಎಡಗೈಯಿಂದ ಬಿಗಿ ಬ್ರಷ್ಷನ್ನು ಬಿಚ್ಚುತ್ತಿದ್ದರು. ಬಹಳ ಹೊತ್ತು ಹಿಡಿಯಿತು. ಅವಳಿಗೆ ಓಡಿ ಹೋಗಿ ಬಿಚ್ಚಿಕೊಡಬೇಕೆನಿಸಿತು, ಹೋಗಲಿಲ್ಲ. ಕೊನೆಗೆ ಅದನ್ನು ಅಂಗಡಿಯ ಚೀಲಕ್ಕೆ ಹಾಕದೆ, ಅವಳ ಕೋಲಿನ ಪಕ್ಕದಲ್ಲಿಟ್ಟರು. ಇನ್ನೊಂದನ್ನು ತಮ್ಮ ಕೋಲಿಗೆ ಸಿಕ್ಕಿಸಿ ನಲ್ಲಿ ತೆರೆದರು.

ಕೋಲು ತೂರಾಡುತ್ತ ಮೇಲೆ ಬಂತು. ಬ್ರಷ್ಷು ಚೌಕಟ್ಟಿಗೆ ಬಡಿಯಿತು, ಜಾರಿತು, ಗೋಡೆಗೆ ನೀರು ಚಿಮ್ಮಿಸಿತು, ಮತ್ತೆ ಗಾಜಿನ ನಡುವಿಗೆ ಬಂದು ದಿಕ್ಕು ತಪ್ಪಿ ನಿಂತಿತು. ಮಾವ ಕಣ್ಣು ಕಿರಿದು ಮಾಡಿ ಮೇಲೆ ನೋಡುತ್ತಿದ್ದರು. ಸೊಸೆ ತುದಿಗಾಲಿನ ಮೇಲೆ ನಿಂತು, ಕೊಳೆಯಿದ್ದ ಕಡೆ ಒಳಗಿನಿಂದ ಬೆರಳಿಟ್ಟಳು.

ಬ್ರಷ್ಷು ನಿಧಾನವಾಗಿ ಅತ್ತ ಸರಿಯಿತು. ಅಂಚಿಗೆ ತಾಗಿ ಓರೆಯಾಯಿತು, ಆಮೇಲೆ ನೇರವಾಯಿತು. ಗಾಜಿನ ಆಚೆ ಅದರ ಎಳೆಗಳು ಅವಳ ಬೆರಳಿನ ಸುತ್ತ ಹರಡಿಕೊಂಡವು. ನೀರು ಇಳಿದು ಹೋಗುವವರೆಗೆ ಅವಳು ಹಾಗೆಯೇ ನಿಂತಿದ್ದಳು. ಆಮೇಲೆ ಪಕ್ಕದ ಕಿಟಕಿಗೆ ಹೋಗಿ, ಬೆರಳಿಟ್ಟು ಕಾದಳು.