ಏಳನೇ ನಂಬರಿಗೆ ಕಾಯಿಲೆ

ಹ್ಯಾಂಗರಿನ ಬಾಗಿಲಲ್ಲಿ ನಿಂತು ಅಳಿಯ ಹೊಸ ಕಂಪ್ಯೂಟರ್ ಪರದೆಯನ್ನು ತೋರಿಸಿದ. ಸೇನೆಯ ಹೆಲಿಕಾಪ್ಟರುಗಳ ಆರೋಗ್ಯ ಕಾಯುವ ಹಳೇ ಪೆಟ್ಟಿಗೆಗಳನ್ನು ಕಿತ್ತು ಹೊಸವನ್ನು ಕೂರಿಸಲು ಬಂದ ಎಂಜಿನಿಯರ್ ಅವನು.

"ನೋಡಿ ಮಾವ, ಏಳನೇ ನಂಬರು ಗುಂಡುಕಲ್ಲಿನ ಹಾಗಿದೆ. ಗೇರ್‌ಬಾಕ್ಸ್ ಹಸಿರು, ಎಂಜಿನ್ ಹಸಿರು. ಇನ್ನರ್ಧ ಗಂಟೇಲಿ ಹಾರುತ್ತೆ."

ಮಾವ ಅಲ್ಲಿನ ಹಿರಿಯ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಕಿವಿಯಲ್ಲೇ ನಾಡಿ ಹಿಡಿದು, ಕೇಳಿದ್ದನ್ನು ಬಾಯಲ್ಲೇ ನುಡಿಸಿ ರೋಗ ಹೇಳುವವರು.

"ಹಸಿರಂತೆ! ಬೆಳಗ್ಗೆ ಓಡಿಸಿದಾಗ ನಂಗೆ ಕೇಳಿದ್ದು ಹೀಗೆ: ಗುರ್ರ್… ಗುರ್ರ್… ಕಿಟ್ಟ್! ಗುರ್ರ್… ಕಿಟ್ಟ್! ಒಳಗೊಂದು ಬೇರಿಂಗು ಹಲ್ಲು ಕಡೀತಿದೆ."

"ಮೊನ್ನೆ ನಮ್ಮನೆ ಮಿಕ್ಸಿಗೂ ಹಿಂಗೇ ಅಂದ್ರಿ. ಒಳಗೆ ಚಮಚ ಇತ್ತು."

"ಕಾಯಿಲೆ ಇತ್ತೋ ಇಲ್ವೋ?"

"ಹಾಗಾದ್ರೆ ನಡುಕ ಅಳೆಯೋ ಸೆನ್ಸರ್ ಸುಳ್ಳು ಹೇಳುತ್ತಾ? ಪೆಟ್ಟಿಗೆ ಮಾತ್ರ ಹೊಸದು. ಸೆನ್ಸರ್ ನೀವೇ ಕೂರಿಸಿದ್ದು. ಮಾವನ ಕೈಕೆಲಸ ಅಂತ ನಾನು ಮುಟ್ಟಲೇ ಇಲ್ಲ."

ಕುಂಬಳಕಾಯಿ ಕಳ್ಳನಂತೆ ಮಾವ ಹೆಗಲು ಮುಟ್ಟಿ ನೋಡಿಕೊಂಡರು. ಹಳೇ ಪೆಟ್ಟಿಗೆಗೆ ಸೊಳ್ಳೆ ಕೂತರೂ ಕೆಂಪು ದೀಪ ಹಚ್ಚಿ ಬಾಯಿ ಬಡಿದುಕೊಳ್ಳುವ ಚಟ. ಅದರ ರಂಪ ತಾಳಲಾರದೆ ಇವರೇ ಒಂದು ದಿನ ಸೆನ್ಸರಿನಡಿ ರಬ್ಬರಿನ ಹಾಸಿಗೆ ಹಾಸಿ ಮಲಗಿಸಿದ್ದರು. ಅದರ ಮೇಲೆ ಮಲಗಿದವನಿಗೆ ಗೇರ್‌ಬಾಕ್ಸಿನ ನಡುಕ ತಟ್ಟುವುದೆಲ್ಲಿ?

ಹೇಳಿದರೆ ಮೂವತ್ತು ವರ್ಷದ ಮಾನ ಅಳಿಯನೆದುರೇ ಮಣ್ಣುಪಾಲು. ಹೇಳದಿದ್ದರೆ ನಾಲ್ಕು ಜನ ಆ 'ಕಿಟ್ಟ್' ಜೊತೆ ಆಕಾಶದಲ್ಲಿ. ಅತ್ತ ಪೈಲಟ್ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

"ತಾಯೀ, ಹತ್ತಬೇಡಮ್ಮಾ!"

ಮಾವ ಏಣಿ ಹತ್ತಿದರು, ಸೆನ್ಸರ್ ಬಿಚ್ಚಿದರು, ಕಪ್ಪು ರಬ್ಬರಿನ ತುಂಡೊಂದನ್ನು ತಂದು ಅಳಿಯನ ಅಂಗೈಗೆ ಹಾಕಿದರು.

"ಇದು ನಂದು."

ಸೆನ್ಸರನ್ನು ಬರಿಯ ಲೋಹಕ್ಕೆ ಬಿಗಿದು ಮತ್ತೆ ಓಡಿಸಿದರು. ಒಂದೇ ನಿಮಿಷ, ಪರದೆ ಕೆಂಪಾಯಿತು. ಪೈಲಟ್ ಹೆಲ್ಮೆಟ್ ತೆಗೆದಳು.

ಅಳಿಯ ರಬ್ಬರನ್ನು ತಿರುಗಿಸಿ ನೋಡಿದ. "ಮಾವ, ಇಲ್ಲಿರೋದು ಹನ್ನೊಂದು ಹೆಲಿಕಾಪ್ಟರ್. ಒಟ್ಟು ಎಷ್ಟು ತುಂಡು ಹಾಕಿದೀರ?"

"ಹದಿನಾಲ್ಕು."

"ಹನ್ನೊಂದಕ್ಕೆ ಹದಿನಾಲ್ಕಾ?"

"ಮೂರಕ್ಕೆ ಬಾಯಿ ಜಾಸ್ತಿ, ಅಳಿಯಂದ್ರೇ."

ಅಳಿಯ ನಗಲಿಲ್ಲ, ವರದಿಯ ಹಾಳೆ ತೆಗೆದ.

"ಬರೀರಿ," ಎಂದರು ಮಾವ. "ತಪ್ಪು ನಂದೇ ಅಂತ ಬರೀರಿ."

"ನಂದೂ ಬರೀತೀನಿ. ಮಾವ ಅಂತ ಬಿಚ್ಚಿ ನೋಡಲಿಲ್ಲ, ಅಂತ."

ಮಾವ ಏಣಿಯನ್ನು ಹೆಗಲಿಗೇರಿಸಿ ಎಂಟನೇ ನಂಬರಿನ ಕಡೆ ನಡೆದರು. ಅಳಿಯ ಏಣಿಯ ಇನ್ನೊಂದು ತುದಿ ಹಿಡಿದುಕೊಂಡ.